ಪಾವ್, ಪೌಣ ಮತ್ತು ಗದ್ದೆಗಿಳಿದ ವಿಮಾನ

"ಮೇಡಂ, ಇಂಜಿನ್ ನಿಂತುಹೋಯ್ತು. ಖಾನಾಪುರದ ಹತ್ರ ಒಂದು ಗದ್ದೆಯಲ್ಲಿದೀನಿ. ಜೀವ ಇದೆ."

ನಮ್ಮ ಪೈಲಟ್ ಫೋನಿನಲ್ಲಿ ಹೇಳಿದ್ದು ಇಷ್ಟೇ. ಹಿಂದಿನಿಂದ ಜನರ ಗದ್ದಲ, ಯಾರನ್ನೋ ಬೈಯುತ್ತಿದ್ದ ಒಬ್ಬ ಹೆಂಗಸಿನ ದನಿ, ಅಷ್ಟರಲ್ಲಿ ಫೋನ್ ಕಟ್ಟಾಯಿತು. ನಾನು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ ಗ್ರೀಸ್ ಹತ್ತಿದ ಕೈ ಒರೆಸಿಕೊಳ್ಳುತ್ತಾ ನಿಂತಿದ್ದೆ. ಆ ವಿಮಾನದ ತಪಾಸಣೆ ಮುಗಿಸಿ ಹಾರಲು ಯೋಗ್ಯವೆಂದು ಸಹಿ ಹಾಕಿದವಳು ನಾನೇ. ಪೈಲಟ್ ಬದುಕಿದ್ದಾರೆ ಎಂದು ಖುಷಿಪಡುವುದಕ್ಕೆ ಮೊದಲು ಆ ಸಹಿ ನೆನಪಾಯಿತು. ಮನುಷ್ಯರ ಮನಸ್ಸು ಇಷ್ಟೇ, ಅದಕ್ಕೆ ನಾನೇನೂ ಹೊರತಲ್ಲ.

ಆ ವಿಮಾನ ಬೆಳಗಾವಿಯ ಒಬ್ಬ ವ್ಯಾಪಾರಸ್ಥರದು. ನಾಲ್ಕು ಸೀಟು, ಒಂದು ಇಂಜಿನ್, ರೆಕ್ಕೆಗಳು ಅದರ ಚಾವಣಿಯ ಮಟ್ಟದಲ್ಲಿ. ಅದನ್ನು ಹಾರಿಸುವ ಪೈಲಟ್ ಮೈಸೂರು ಕಡೆಯವರು. ಬೆಳಗಾವಿಗೆ ಬಂದ ಮೇಲೆ ನಮ್ಮ ಕಡೆಯ ಮಾತು ಕಲಿತೆ ಎಂದು ಅವರಿಗೆ ಸ್ವಲ್ಪ ಹೆಮ್ಮೆ. ವಿಮಾನದ ರಿಪೇರಿ, ತಪಾಸಣೆ ನನ್ನ ಜವಾಬ್ದಾರಿ. ನನ್ನ ಜೊತೆಗೆ ಒಬ್ಬರು ಮಿಸ್ತ್ರಿ. ಖಾನಾಪುರದವರು, ಮನೆಮಾತು ಮರಾಠಿ, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಆದರೂ ನನ್ನನ್ನು ಅಕ್ಕಾರ ಎನ್ನುತ್ತಾರೆ. ಈ ಅಪಘಾತದಲ್ಲಿ ಪೈಲಟ್ಟರ ಜೀವ ಮೊದಲ ದಿನವೇ ಉಳಿಯಿತು. ಉಳಿಯುವುದೋ ಇಲ್ಲವೋ ಎಂದು ಆಮೇಲೆ ತೂಗುತ್ತಿದ್ದದ್ದು ಮಿಸ್ತ್ರಿಯ ಕೆಲಸ ಮತ್ತು ಮರ್ಯಾದೆ. ಅದು ಯಾರ್ಯಾರಿಂದ ಉಳಿಯಿತು ಎಂದು ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ.

ಉಪಕರಣಗಳ ಪೆಟ್ಟಿಗೆಯನ್ನು ಜೀಪಿಗೆ ಹಾಕಿಕೊಂಡು ಮಿಸ್ತ್ರಿ ಮತ್ತು ನಾನು ಹೊರಟೆವು. ಕೋಟೆಯ ಕಂದಕದ ಪಕ್ಕ ಹಾದು ಟಿಳಕವಾಡಿಗೆ ಬಂದರೆ ರೈಲ್ವೆ ಗೇಟು ಹಾಕಿತ್ತು. ಹೋಗಿ ಹೋಗಿ ಅವತ್ತೇ ಒಂದು ಗೂಡ್ಸ್ ಗಾಡಿ, ಅದೂ ಮದುವೆ ಮೆರವಣಿಗೆಯ ನಡಿಗೆಯಲ್ಲಿ. ಮಿಸ್ತ್ರಿ ಕೆಳಗಿಳಿದು ಗೇಟಿನ ತನಕ ಹೋಗುವುದು, ಮತ್ತೆ ಬಂದು ಕೂಡುವುದು ಮಾಡುತ್ತಿದ್ದರು.

"ಕುಂದರ್ರಿ ಮಿಸ್ತ್ರಿ, ನೀವು ನಿಂತ್ರ ಗಾಡಿ ಲಗೂನ ಹೋಗಾಂಗಿಲ್ಲ" ಎಂದೆ.

"ನಮ್ಮ ಊರಾಗ ಬಿದ್ದೈತ್ರಿ ಅಕ್ಕಾರ. ಯಾರ ಮನಿ ಮ್ಯಾಲೆ ಬಿದ್ದೈತೋ ಏನೋ" ಎಂದರು ಅವರು.

ಯಾರ ಮನೆಯ ಮೇಲೂ ಬಿದ್ದಿರಲಿಲ್ಲ. ಖಾನಾಪುರ ದಾಟಿ, ದೊಡ್ಡ ರಸ್ತೆ ಬಿಟ್ಟು ಒಳಗೆ ಹೋದರೆ, ಕೊಯ್ಲಿಗೆ ಬರುತ್ತಿದ್ದ ಭತ್ತದ ನಡುವೆ ನಮ್ಮ ವಿಮಾನ ಮೂಗು ನೆಲಕ್ಕೆ ಊರಿ, ಬಾಲ ಮೇಲೆತ್ತಿ ನಿಂತಿತ್ತು. ಊರಿಗೆ ಊರೇ ಸೇರಿತ್ತು. ಆದರೆ ಒಬ್ಬರೂ ಗದ್ದೆಯೊಳಗೆ ಕಾಲಿಟ್ಟಿರಲಿಲ್ಲ. ಬದುವಿನ ಮೇಲೆ ಕೈಯಲ್ಲಿ ಕುಡುಗೋಲು ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಬ್ಬ ಹೆಂಗಸು ನಿಂತಿದ್ದರು. ಫೋನಿನಲ್ಲಿ ಕೇಳಿದ್ದು ಅವರ ದನಿಯೇ. ಗದ್ದೆ ಅವರದು. ಎಲ್ಲರೂ ಅವರನ್ನು ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

"ಯಾರಿಗೂ ಮುಟ್ಟಾಕ ಬಿಟ್ಟಿಲ್ರಿ" ಎಂದರು ಕಾಕೂ. "ಬೀಡಿ ಸೇದಾವ್ರನ್ನ ಆ ಗಿಡದ ಕಡೆ ಓಡಿಸೇನಿ. ಇದರಾಗ ಎಣ್ಣಿ ಇರತೈತಲ್ಲ?"

ತರಬೇತಿ ಪಡೆದವರೂ ಗಾಬರಿಯಲ್ಲಿ ಮರೆಯುವ ಮಾತು ಇದು. ತಮ್ಮ ಬೆಳೆಯ ಮೇಲೆ ವಿಮಾನ ಬಿದ್ದಿರುವಾಗ ಅವರು ಮೊದಲು ಯೋಚಿಸಿದ್ದು ಬೆಂಕಿಯ ಬಗ್ಗೆ. ಅವತ್ತೇ ಅವರಿಗೆ ಕೈಮುಗಿದೆ. ಇನ್ನೊಮ್ಮೆ ಮುಗಿಯಬೇಕಾದೀತು ಎಂದು ಆಗ ಗೊತ್ತಿರಲಿಲ್ಲ.

ಪೈಲಟ್ ಬದುವಿನ ಮೇಲೆ ಕುಳಿತು ಮಜ್ಜಿಗೆ ಕುಡಿಯುತ್ತಿದ್ದರು. ಭುಜದ ಮೂಳೆ ಮುರಿದಿತ್ತು, ಹಣೆಯಲ್ಲಿ ಗಾಯ. ಆಂಬುಲೆನ್ಸ್ ಬರುವ ತನಕ ಅವರು ನಡೆದದ್ದನ್ನು ಹೇಳಿದರು. ಕಾರವಾರದ ಕಡೆ ಮಾಲಕರದೊಂದು ಜಾಗವಿದೆ, ಅದರ ಫೋಟೋ ಮೇಲಿನಿಂದ ತೆಗೆದುಕೊಂಡು ಬರಲು ಹೇಳಿದ್ದರು. ಫೋಟೋ ತೆಗೆದು ವಾಪಸ್ ಬರುವಾಗ, ಘಟ್ಟ ದಾಟಿದ ಮೇಲೆ ಇಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ನಿಂತಿತು. ಮಾಡಬೇಕಾದ್ದೆಲ್ಲ ಮಾಡಿದರು. ವಿಮಾನದ ಮೂಗಿನ ಫ್ಯಾನು ಗಾಳಿಗೆ ಸುಮ್ಮನೆ ತಿರುಗಿತೇ ಹೊರತು ಇಂಜಿನ್ ಹಿಡಿಯಲಿಲ್ಲ. ವಿದ್ಯುತ್ ತಂತಿ ತಪ್ಪಿಸಿ, ಮನೆಗಳನ್ನು ತಪ್ಪಿಸಿ, ವೇಗ ಇಳಿಸಿಕೊಂಡು ಇಲ್ಲಿ ಇಳಿಸಿದರು. ಮುಂದಿನ ಚಕ್ರ ಕೆಸರಿನಲ್ಲಿ ಹೂತುಕೊಂಡಿತು. ಅಷ್ಟೇ.

"ಟಾಕಿಯೊಳಗ ಎಣ್ಣಿ ಎಷ್ಟಿತ್ತು?" ಎಂದು ಕೇಳಿದೆ.

"ಪೌಣ ಇತ್ತು. ಬೆಳಿಗ್ಗೆ ಮಿಸ್ತ್ರಿಯವ್ರೇ ಟಾಕಿಗೆ ಅಳತೆ ಕಡ್ಡಿ ಹಾಕಿ ನೋಡಿ ಹೇಳಿದ್ರಲ್ಲ."

ನನ್ನ ಬಾಜು ನಿಂತಿದ್ದ ಮಿಸ್ತ್ರಿಯ ಮುಖ ಬಿಳಿಚಿಕೊಂಡಿತು. "ಪೌಣ? ನಾ ಪಾವ್ ಅಂತ ಹೇಳೇನ್ರಿ, ಸಾಹೇಬ್ರ."

ಬೇರೆ ಕಡೆಯ ಓದುಗರಿಗಾಗಿ ಒಂದು ಮಾತು. ನಮ್ಮಲ್ಲಿ ಪಾವ್ ಎಂದರೆ ಕಾಲು ಭಾಗ, ಪೌಣ ಎಂದರೆ ಮುಕ್ಕಾಲು ಭಾಗ. ಮರಾಠಿಯಿಂದ ಬಂದು ನಮ್ಮ ಕನ್ನಡದಲ್ಲಿ ಮನೆ ಮಾಡಿಕೊಂಡ ಮಾತುಗಳು. ಪಾವ್ ಕಿಲೋ ಬೆಂಡೆಕಾಯಿ, ಪೌಣ ತಾಸಿನ ದಾರಿ, ಹೀಗೆ ದಿನವಿಡೀ ಬಾಯಲ್ಲಿರುತ್ತವೆ. ಪೆಟ್ರೋಲ್ ಮುಕ್ಕಾಲು ಟಾಕಿ ಇದ್ದರೆ ಕಾರವಾರಕ್ಕೆ ಹೋಗಿ ಆರಾಮಾಗಿ ಬರಬಹುದು. ಕಾಲು ಟಾಕಿ ಇದ್ದರೆ ಬರಲಾಗುವುದಿಲ್ಲ. ಖಾನಾಪುರದವರೆಗೆ ಬರಬಹುದು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಯಾರೂ ದನಿ ಏರಿಸಲಿಲ್ಲ. ಆಂಬುಲೆನ್ಸ್ ಬಂತು, ಪೈಲಟ್ಟರನ್ನು ಕರೆದುಕೊಂಡು ಹೋಯಿತು.

ನಾನು ಕೆಲಸಕ್ಕೆ ಇಳಿದೆ. ಮನಸ್ಸು ಕೆಟ್ಟಾಗ ನನಗೆ ಗೊತ್ತಿರುವ ಔಷಧ ಅದೊಂದೇ. ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆ, ಪೆಟ್ರೋಲಿನ ವಾಲ್ವ್ ಮುಚ್ಚಿದೆ. ಫ್ಯಾನಿನ ಒಂದು ರೆಕ್ಕೆ ಹಿಂದಕ್ಕೆ ಬಾಗಿತ್ತು, ಇನ್ನೊಂದು ನೆಟ್ಟಗಿತ್ತು. ಇಂಜಿನ್ ಜೋರಾಗಿ ತಿರುಗುವಾಗ ನೆಲಕ್ಕೆ ಬಡಿದಿದ್ದರೆ ಎರಡೂ ತಿರುಚಿಕೊಂಡಿರುತ್ತಿದ್ದವು. ಅಂದರೆ ನೆಲ ಮುಟ್ಟುವ ಮೊದಲೇ ಅದು ನಿಂತಿತ್ತು, ಪೈಲಟ್ ಹೇಳಿದ್ದು ನಿಜ. ಪೊಲೀಸರು ಪಂಚನಾಮೆ ಮಾಡಿ ಒಪ್ಪಿದ ಮೇಲೆ, ಪೆಟ್ರೋಲಿನ ಟಾಕಿಗಳಿರುವ ವಿಮಾನದ ಎರಡು ರೆಕ್ಕೆಗಳ ಅಡಿಯ ಸಣ್ಣ ತೂತುಗಳಿಂದ ಗಾಜಿನ ಬಟ್ಟಲಿಗೆ ಪೆಟ್ರೋಲ್ ಇಳಿಸಿದೆ. ನಮ್ಮ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಇರುತ್ತದೆ. ಎಡಗಡೆಯಿಂದ ಹನಿಯೂ ಬರಲಿಲ್ಲ. ಬಲಗಡೆಯಿಂದ ಬಂದದ್ದು ಯಾವಾಗಲೂ ಟಾಕಿಯ ತಳದಲ್ಲಿ ಉಳಿಯುವಷ್ಟೇ, ಇಂಜಿನ್ನಿಗೆ ಸಿಗದ ಉಳಿಕೆ. ಸೋರಿಹೋಗಿದೆಯೇ ಎಂದು ಮೊಣಕಾಲೂರಿ ಭತ್ತದ ಬುಡ ನೋಡಿದೆ, ಮಣ್ಣು ಮೂಸಿದೆ. ಕೆಸರು ಕೆಸರಿನಂತೆಯೇ ನಾರುತ್ತಿತ್ತು. ಟಾಕಿಯ ಮುಚ್ಚಳಗಳು ಬಿಗಿಯಾಗಿದ್ದವು.

ಇಂಜಿನ್ ಕೆಟ್ಟಿರಲಿಲ್ಲ. ಪೆಟ್ರೋಲ್ ಮುಗಿದಿತ್ತು. ನನ್ನ ಸಹಿ ಬಚಾವಾಯಿತು, ಮಿಸ್ತ್ರಿ ಸಿಕ್ಕಿಬಿದ್ದರು.

ಮರುದಿನ ಮಾಲಕರು ಹ್ಯಾಂಗರಿಗೆ ಬಂದರು. ಅವರು ಕೆಟ್ಟವರಲ್ಲ. ಆದರೆ ಸಿಟ್ಟು ಬಂದಾಗ ತೀರ್ಪು ಮೊದಲು, ವಿಚಾರಣೆ ಆಮೇಲೆ.

"ಕಡ್ಡಿ ಹಾಕಿದಾಂವ ಇಂವ. ಹೇಳಿದಾಂವ ಇಂವ. ಪೌಣ ಅಂದು ಈಗ ಪಾವ್ ಅಂದ್ನಿ ಅಂದ್ರ ನಾ ನಂಬಬೇಕೇನು? ವಿಮಾನ ತಂದು ಮನಿಗೆ ಹಚ್ಚೂತನಕ ಇರಲಿ. ಆಮ್ಯಾಲೆ ಬರೂದು ಬ್ಯಾಡಂತ ಹೇಳ್ರಿ ಮೇಡಮ್."

"ವಿಚಾರ ಮಾಡೂಣ್ರಿ" ಎಂದೆ ನಾನು. ಆ ಬೆಳಿಗ್ಗೆ ಅವರಿಬ್ಬರ ಮಾತು ನಡೆದಾಗ ನಾನು ಒಳಗಿದ್ದೆ. ಪೈಲಟ್ ಸುಳ್ಳು ಹೇಳುವ ಜಾತಿಯವರಲ್ಲ. ಮಿಸ್ತ್ರಿಯೂ ಅಲ್ಲ. ಇಬ್ಬರಲ್ಲಿ ಒಬ್ಬರು ತಪ್ಪಿರಲೇಬೇಕು. ಮಿಸ್ತ್ರಿ ಸ್ಪ್ಯಾನರುಗಳನ್ನು ಒರೆಸಿ ಒರೆಸಿ ಇಡುತ್ತಿದ್ದರು. ಅವರ ಕಡೆ ನೋಡಲು ನನಗೆ ಆಗುತ್ತಿರಲಿಲ್ಲ.

ವಿಮಾನ ಎತ್ತಲು ತನಿಖಾಧಿಕಾರಿಯ ಪರವಾನಗಿ ಬೇಕು. ಅವರು ಬಂದು ಫೋಟೋ ತೆಗೆದು, ಅಳತೆ ಮಾಡಿ, ಎಲ್ಲರ ಹೇಳಿಕೆ ಆಮೇಲೆ ತೆಗೆದುಕೊಳ್ಳುತ್ತೇನೆ ಎಂದು ಹೋದರು. ಪರವಾನಗಿ ಸಿಗುವ ಹೊತ್ತಿಗೆ ಅಕಾಲಿಕ ಮಳೆ ಬಂದು ಗದ್ದೆ ಮತ್ತೆ ಕೆಸರಾಯಿತು. ಕ್ರೇನ್ ಒಳಗೆ ಬರಲಾರದು. ಕೊಯ್ಲಿನ ಹೊತ್ತು ಮೀರುತ್ತಿತ್ತು, ಆದರೂ ಕಾಕೂ ವಿಮಾನದ ಸುತ್ತಲಿನ ಭತ್ತಕ್ಕೆ ಕುಡುಗೋಲು ಹಾಕಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವರೇ ಬಿಟ್ಟಿದ್ದರು.

ಕೊನೆಗೆ ಕ್ರೇನನ್ನು ರಸ್ತೆಯ ಬದಿಯಲ್ಲೇ ನಿಲ್ಲಿಸಿ, ರೆಕ್ಕೆಗಳನ್ನು ಬಿಚ್ಚಿ, ತುಂಡು ತುಂಡಾಗಿ ಹೊತ್ತು ತರುವುದೆಂದು ನಿರ್ಧರಿಸಿದೆ. ಮೊದಲು ಬಾಲಕ್ಕೆ ಹಗ್ಗ ಕಟ್ಟಿ, ಊರಿನವರು ಹಿಡಿದು ನಿಧಾನಕ್ಕೆ ಇಳಿಸಿದರು. ರೆಕ್ಕೆಯ ಬೋಲ್ಟು ಬಿಚ್ಚುವಾಗ ರೆಕ್ಕೆಯ ಭಾರ ಅದರ ಮೇಲೆ ಬೀಳಬಾರದು, ಬಿದ್ದರೆ ಬೋಲ್ಟು ಕಚ್ಚಿಕೊಳ್ಳುತ್ತದೆ. ಹೀಗಾಗಿ ಜನ ರೆಕ್ಕೆಯನ್ನು ಹೆಗಲ ಮೇಲೆ ಎತ್ತಿ ಹಿಡಿದಿರಬೇಕು, ನಾನು ಒಳಗಿನಿಂದ ಬಡಿದು ತೆಗೆಯಬೇಕು. ಮಿಸ್ತ್ರಿ ಮರಾಠಿಯಲ್ಲಿ ಅವರಿಗೆ ಸೂಚನೆ ಕೊಡುತ್ತಿದ್ದರು. ಎಲ್ಲ ಅವರ ಪರಿಚಯದ ಮುಖಗಳೇ. ಕೆಲಸ ಹೋಗಲಿರುವ ಮನುಷ್ಯ, ಅವತ್ತು ಯಾವತ್ತಿಗಿಂತ ಜೋಪಾನವಾಗಿ ಕೆಲಸ ಮಾಡಿದರು. ಒಂದು ಬೋಲ್ಟು ಹಠ ಹಿಡಿದು ಕೂತಿತು. ಎಲ್ಲರ ಹೆಗಲು ನಡುಗುವ ತನಕ ಬರಲಿಲ್ಲ, ಆಮೇಲೆ ಬಂತು.

ಎರಡನೆಯ ರೆಕ್ಕೆ ಲಾರಿಗೇರುವ ಹೊತ್ತಿಗೆ ಕ್ರೇನಿನ ಇಂಜಿನ್ ಜೋರಾಗಿ ಗುರುಗುಟ್ಟುತ್ತಿತ್ತು. ನಾನು ರಸ್ತೆಯಲ್ಲಿದ್ದೆ, ಕಾಕೂ ಗದ್ದೆಯ ಆಚೆ ಬದುವಿನಲ್ಲಿ. ಬೆಳೆ ಎಷ್ಟು ಹಾಳಾಗಿದೆ ಎಂದು ಮಾಲಕರಿಗೆ ಹೇಳಬೇಕಿತ್ತು. ಕೂಗಿ ಕೇಳಿದೆ.

"ಕಾಕೂ, ಎಷ್ಟ ಹಾಳಾತ್ರಿ ಬೆಳಿ?"

"ಪೌಣ ಹೋಗೇತ್ರಿ" ಎಂದು ಕೇಳಿಸಿತು.

ಮುಕ್ಕಾಲು ಬೆಳೆ! ಬದುವಿನ ಮೇಲೆ ಓಡಿದೆ. ನೋಡಿದರೆ ವಿಮಾನ ಬಿದ್ದ ಜಾಗ, ನಾವು ತುಳಿದ ದಾರಿ, ಅಷ್ಟೇ. ಉಳಿದದ್ದೆಲ್ಲ ಚಿನ್ನದಂತೆ ನಿಂತಿತ್ತು.

"ಪೌಣ ಎಲ್ಲಿ ಹೋಗೇತ್ರಿ ಕಾಕೂ?"

"ಪೌಣ ಯಾರಂದ್ರಿ?" ಎಂದು ಕಾಕೂ ನಕ್ಕರು. "ಪಾವ್ನ ಹೋಗೇತಿ ಅಂದ್ನಿ. ಸುಳ್ಳ ಯಾಕ ಹೇಳ್ಲಿ?"

ಪಾವ್ನ. ಕಾಲು ಭಾಗ ಮಾತ್ರ. ಈ ಕಡೆಯವರು ಒಂದು ಮಾತನ್ನು ಒತ್ತಿ ಹೇಳುವಾಗ ಕೊನೆಗೆ ಒಂದು 'ನ' ಹಚ್ಚುತ್ತಾರೆ. ಪುಸ್ತಕದ ಕನ್ನಡದಲ್ಲಿ 'ಪಾವೇ' ಎನ್ನುವುದು ಅವರ ಬಾಯಲ್ಲಿ 'ಪಾವ್ನ' ಆಗುತ್ತದೆ. ನಾನು ಹುಟ್ಟಿ ಬೆಳೆದದ್ದು ಬೆಳಗಾವಿಯ ಹಿಂದವಾಡಿಯಲ್ಲಿ, ಈ ಮಾತು ಹುಟ್ಟಿದಾಗಿನಿಂದ ಕೇಳಿದ್ದೇನೆ. ಆದರೂ ಕ್ರೇನಿನ ಸದ್ದಿನಲ್ಲಿ ನನಗೆ ಅದು ಪೌಣ ಎಂದೇ ಕೇಳಿಸಿತ್ತು.

ನಾನು ಬದುವಿನ ಮೇಲೇ ಕುಳಿತೆ. ಆಮೇಲೆ ಮಿಸ್ತ್ರಿಯನ್ನು ಕರೆದೆ.

"ಅವತ್ತ ಮುಂಜಾನೆ ಸಾಹೇಬ್ರಿಗೆ ನೀವು ಹೇಳಿದ್ದು ಹೆಂಗ ಹೇಳಿದ್ರಿ? ಇದ್ದಂಗ ಹೇಳ್ರಿ, ಒಂದ ಅಕ್ಷರಾ ಬಿಡಬ್ಯಾಡ್ರಿ."

ಮಿಸ್ತ್ರಿ ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಬಾಜು ತರಬೇತಿ ವಿಮಾನ ಚಾಲೂ ಇತ್ತು. ನಾ ನಿಚ್ಚಣಿಕಿ ಮ್ಯಾಲಿದ್ನಿ. ಕಡ್ಡಿ ನೋಡಿ 'ಪಾವ್ನ ಐತ್ರಿ' ಅಂದ್ನಿ. ಅವ್ರು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಹೆಬ್ಬೆಟ್ಟ ತೋರಿಸಿದ್ರು. ಇಲ್ಲೇ ಸಾಂಬ್ರಾದ ಮ್ಯಾಲ ಎರಡ ಸುತ್ತ ಹೊಡದು ಬರ್ತಾರ ಅಂತ ತಿಳಕೊಂಡ್ನಿ. ಕಾರವಾರಕ್ಕ ಹೊಂಟಾರ ಅಂತ ನನಗ ಯಾರ ಹೇಳಿದ್ರಿ?"

ಎಣ್ಣೆ ಕಮ್ಮಿ ಇದೆ, ಎಚ್ಚರ ಎಂದು ಒತ್ತಿ ಹೇಳಲು ಹಚ್ಚಿದ ಆ ಒಂದು 'ನ' ಪೈಲಟ್ಟರ ಕಿವಿಯಲ್ಲಿ ಎಣ್ಣೆಯನ್ನು ಮೂರು ಪಟ್ಟು ಮಾಡಿತ್ತು. ಮಿಸ್ತ್ರಿ ಬರೀ ಪಾವ್ ಎಂದಿದ್ದರೆ ಏನೂ ಆಗುತ್ತಿರಲಿಲ್ಲ.

ಹೀಗೆಂದು ಮಾಲಕರಿಗೆ ಹೋಗಿ ಹೇಳಬಹುದಿತ್ತು. ಹೇಳಿದ್ದರೆ 'ನಿಮ್ಮ ಮನಶ್ಯಾ, ನೀವು ವಕೀಲಕಿ ಮಾಡ್ತೀರಿ' ಎನ್ನುತ್ತಿದ್ದರು. ಅಲ್ಲದೆ, ನನಗೇ ಖಾತ್ರಿ ಇರಲಿಲ್ಲ. ಗದ್ದೆಯಲ್ಲಿ ನನ್ನ ಕಿವಿ ಮೋಸ ಹೋಗಿದ್ದು ನಿಜ, ಆದರೆ ಅದರಿಂದ ಹ್ಯಾಂಗರಿನ ಮುಂದೆ ಏನಾಯಿತು ಎಂದು ಸಾಬೀತಾಗುವುದಿಲ್ಲ. ಇಂಜಿನ್ ಬಗ್ಗೆ ಅನುಮಾನ ಬಂದರೆ ನಾವು ಅದನ್ನು ಚಾಲೂ ಮಾಡಿ ನೋಡುತ್ತೇವೆ. ಮಾತಿಗೂ ಹಾಗೇ ಮಾಡುವುದೆಂದು ಗಟ್ಟಿ ಮಾಡಿದೆ.

ಪೈಲಟ್ ಆಸ್ಪತ್ರೆಯಿಂದ ಬಂದ ಮೇಲೆ, ಭುಜಕ್ಕೆ ಪಟ್ಟಿ ಕಟ್ಟಿಕೊಂಡೇ ಬರಲು ಹೇಳಿದೆ. ಮಾಲಕರನ್ನೂ ಕರೆದೆ. ಪಕ್ಕದ ತರಬೇತಿ ಶಾಲೆಯವರನ್ನು ಕೇಳಿಕೊಂಡು, ಅವರ ವಿಮಾನವನ್ನು ಅವತ್ತು ನಿಂತಿದ್ದ ಜಾಗದಲ್ಲೇ ನಿಲ್ಲಿಸಿ ಇಂಜಿನ್ ಚಾಲೂ ಮಾಡಿಸಿದೆ. ನಮ್ಮ ವಿಮಾನ ತುಂಡಾಗಿ ಬಿದ್ದಿತ್ತು, ಅದರ ಜಾಗದಲ್ಲಿ ಒಂದು ಕುರ್ಚಿ ಹಾಕಿ ಪೈಲಟ್ಟರನ್ನು ಕೂಡಿಸಿ ಹೆಡ್‌ಫೋನ್ ಕೊಟ್ಟೆ. ಮಿಸ್ತ್ರಿ ನಿಚ್ಚಣಿಕೆ ಹತ್ತಿದರು. ಪೈಲಟ್ಟರಿಗೂ ಮಾಲಕರಿಗೂ ಕಾಣದ ಹಾಗೆ ನಾನು ಬೆರಳಿನಿಂದ ಸನ್ನೆ ಮಾಡುವುದು, ಒಂದು ಬೆರಳಿಗೆ 'ಪಾವ್ನ', ಎರಡು ಬೆರಳಿಗೆ 'ಪೌಣ', ಮಿಸ್ತ್ರಿ ಅದನ್ನು ಕೂಗುವುದು. ಏನು ಕೇಳಿಸಿತೋ ಅದನ್ನು ಪೈಲಟ್ ಹೇಳಬೇಕು.

ಪಾವ್ನ ಐತ್ರಿ. "ಪೌಣ" ಎಂದರು ಪೈಲಟ್. ಪೌಣ ಐತ್ರಿ. "ಪೌಣ." ಪಾವ್ನ. "ಪೌಣ." ಮತ್ತೆ ಪಾವ್ನ. "ಪೌಣ."

ಇಂಜಿನ್ ಬಂದ್ ಮಾಡಿಸಿದೆ. ಮಾಲಕರು ಅಸಮಾಧಾನದಿಂದ ಮುಂದೆ ಬಂದರು.

"ಏನ್ ಪರೀಕ್ಷಾರಿ ಇದು? ಎಲ್ಲಾ ಪೌಣನ ಅಂದಾನಲ್ಲ ಮಿಸ್ತ್ರಿ. ನನಗೂ ಕೇಳ್ತು."

ನಾನು ಸನ್ನೆಯ ವಿಷಯ ಹೇಳಿದೆ. ಒಂದೇ ಒಂದು ಸಲ ಬಿಟ್ಟರೆ ಅವರು ಕೂಗಿದ್ದೆಲ್ಲ ಪಾವ್ನ ಎಂದೆ. ಮಾಲಕರು ನಂಬದೆ ತಾವೇ ಸನ್ನೆ ಮಾಡುತ್ತೇನೆಂದು ನಿಂತರು. ಇಂಜಿನ್ ಮತ್ತೆ ಚಾಲೂ. ತಾವೇ ಒಂದು ಬೆರಳು ತೋರಿಸಿ, ಪೌಣ ಎಂದು ತಮಗೂ ಕೇಳಿಸಿದಾಗ ಅವರು ಬೆರಳನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟರು. ಬೆಳಗಾವಿಯಲ್ಲಿ ಹುಟ್ಟಿದ ಮನುಷ್ಯ. ಪಾವ್, ಪೌಣ ಹೇಳಿಕೊಂಡೇ ವ್ಯಾಪಾರ ಮಾಡಿದವರು.

ಆಗ ಪೈಲಟ್ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಅವರು ಅಲ್ಲಿಗೇ ಬಿಡಬಹುದಿತ್ತು. ಸದ್ದಿನ ತಪ್ಪು, ಯಾರ ತಪ್ಪೂ ಅಲ್ಲ ಎಂದು ಎದ್ದು ಹೋಗಬಹುದಿತ್ತು.

"ಕಿವಿ ತಪ್ಪಿತು, ಸರಿ" ಎಂದರು. "ಆದ್ರೆ ಕಡ್ಡಿ ನಾನೇ ಹಾಕಿ ನೋಡ್ಬೇಕಾಗಿತ್ತು. ಅದು ಪೈಲಟ್ ಕೆಲ್ಸ, ಮಿಸ್ತ್ರಿಯವ್ರದಲ್ಲ. ಕಾರವಾರದಲ್ಲೇ ಪೆಟ್ರೋಲ್ ಮೀಟರಿನ ಮುಳ್ಳು ಕೆಳಗೆ ಬಂದಿತ್ತು. ಮುಳ್ಳು ಸುಳ್ಳು ಹೇಳುತ್ತೆ, ಪೌಣ ಇದೆಯಲ್ಲ ಅಂತ ಗೋವಾದಲ್ಲಿ ಇಳಿಸದೆ ಬಂದೆ. ತನಿಖಾಧಿಕಾರಿಗೆ ಇದನ್ನೇ ಬರ್ಕೊಡ್ತೀನಿ. ಸರ್, ತೆಗೀಬೇಕು ಅಂದ್ರೆ ನನ್ನನ್ನ ತೆಗೀರಿ."

ಹಾಗೇ ಬರೆದುಕೊಟ್ಟರು ಕೂಡ. ಅದಕ್ಕಾಗಿ ಅವರ ಲೈಸೆನ್ಸ್ ಕೆಲ ಕಾಲ ಅಮಾನತಾಯಿತು. ಅವರು ಅದನ್ನು ದೂರದೆ ಅನುಭವಿಸಿದರು. ಮಾಲಕರು ಇಬ್ಬರಲ್ಲಿ ಯಾರನ್ನೂ ತೆಗೆಯಲಿಲ್ಲ. ಅವತ್ತು ಅವರು ಮಿಸ್ತ್ರಿಯ ಹತ್ತಿರ ಹೋಗಿ, ಕ್ಷಮೆ ಕೇಳಲು ಬಾರದವರು ಮಾಡುವ ಹಾಗೆ, "ಚಾ ಕುಡದೀರೇನು?" ಎಂದು ಕೇಳಿದರು. ಈಗ ನಮ್ಮ ಹ್ಯಾಂಗರಿನಲ್ಲಿ ಪಾವೂ ಇಲ್ಲ, ಪೌಣವೂ ಇಲ್ಲ. ಪೈಲಟ್ ತಾವೇ ನಿಚ್ಚಣಿಕೆ ಹತ್ತಿ ಕಡ್ಡಿ ಹಾಕುತ್ತಾರೆ, ಲೀಟರಿನಲ್ಲಿ ಹೇಳುತ್ತಾರೆ, ಇನ್ನೊಬ್ಬರು ಅದನ್ನೇ ತಿರುಗಿ ಹೇಳಬೇಕು.

ಕಾಕೂಗೆ ಬೆಳೆಯ ನಷ್ಟ ತುಂಬಿಕೊಡಲು ಮಿಸ್ತ್ರಿ ಮತ್ತು ನಾನೇ ಹೋದೆವು. ಅವರು ಪಾವ್ ಎಂದಿದ್ದರು, ಪಾವಿನದನ್ನೇ ತೆಗೆದುಕೊಂಡರು. ಅವರಿಗೆ ಎರಡನೆಯ ಸಲ ಕೈಮುಗಿದೆ. ಯಾತಕ್ಕೆ ಎಂದು ವಿವರಿಸಿದಾಗ, "ನನ್ನ ಬಾಯಿ ದೊಡ್ಡದಂತ ಊರೆಲ್ಲಾ ಬೈತೈತಿ, ನೀವೊಬ್ರು ಕೈಮುಗದ್ರಿ" ಎಂದು ಕಾಕೂ ನಕ್ಕು ಒಳಗೆ ಹೋಗಿ ಹೊಸ ಅಕ್ಕಿ ತಂದು ಕೊಟ್ಟರು.

ವಾಪಸ್ ಬರುವಾಗ ಮಲಪ್ರಭೆಯ ಸೇತುವೆ ದಾಟಿದ ಮೇಲೆ ಮಿಸ್ತ್ರಿ ಕೇಳಿದರು.

"ಅಕ್ಕಾರ, ಒಂದ ಕೇಳ್ಲೇನ್ರಿ? ನಾ ಪಾವ್ ಅಂದ್ನಿ ಅಂತ ಹೇಳಿದಾಗ ನೀವು ನಂಬಿದ್ರೇನು?"

ಹೌದು ಎನ್ನುವುದು ಸುಲಭವಿತ್ತು. ಇಷ್ಟು ವರ್ಷ ಜೊತೆಗೆ ದುಡಿದವರು. ಆದರೆ ಅವರ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ.

"ಇಲ್ರೀ ಮಿಸ್ತ್ರಿ" ಎಂದೆ. "ನಂಬಬೇಕು ಅಂತ ಬಾಳ ಅನ್ನಿಸಿತ್ತು. ಆದ್ರ ನಂಬಿಕಿ ಬರಲಿಲ್ಲ."

ಅವರು ಕಿಟಕಿಯ ಹೊರಗೆ ನೋಡುತ್ತಾ ತಲೆಯಾಡಿಸಿದರು.

"ಚಲೋ ಆತ್ ಬಿಡ್ರಿ" ಎಂದರು. "ನಂಬಿದ್ರ ನನ್ನ ಪರವಾಗಿ ಮಾಲಕರ ಕಾಲ ಹಿಡೀತಿದ್ರಿ. ನಂಬಲಿಲ್ಲಂತ ಇಂಜಿನ್ ಚಾಲೂ ಮಾಡಿ ನೋಡಿದ್ರಿ."